ಗಣಕದ ಅಟ್ಟ ಗುಡಿಸುವ ಮುನ್ನ



ನಿಮ್ಮ ಮನೆಯ ಮೂಲೆಯಲ್ಲೂ ಒಂದು ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಇದ್ದೀತು. ನೀವು ಲ್ಯಾಪ್‌ಟಾಪು, ಮೊಬೈಲು ಹಿಡಿದು ಓಡಾಡುವವರು. ಆ ದೊಡ್ಡ ಪೆಟ್ಟಿಗೆ ಈಗ ಅಪ್ಪನ ಬ್ಯಾಂಕಿನ ಲೆಕ್ಕಕ್ಕೆ, ಅಮ್ಮನ ಟಿಪ್ಪಣಿಗೆ, ಅಜ್ಜನ ನೆನಪಿನ ಬರಹಕ್ಕೆ ಮೀಸಲು. ಅದು ನಿಧಾನವಾಯಿತೆಂದರೆ ಮನೆಯವರೆಲ್ಲ ಕರೆಯುವುದು ನಿಮ್ಮನ್ನೇ. "ಸ್ವಲ್ಪ ನೋಡಿಕೊಡೋ ಮರಿ, ಶುರುವಾಗೋಕೇ ಹತ್ತು ನಿಮಿಷ ಬೇಕು" ಎನ್ನುತ್ತಾರೆ. ನೀವು ಕುರ್ಚಿಯ ತುದಿಯಲ್ಲಿ ಕೂತು, ಹಳೆಯದೆಂದು ಕಂಡದ್ದನ್ನೆಲ್ಲ ಐದು ನಿಮಿಷದಲ್ಲಿ ಅಳಿಸಿ ಎದ್ದುಹೋಗುತ್ತೀರಿ. ಆ ಐದು ನಿಮಿಷದ ಬಗ್ಗೆಯೇ ಈ ಲೇಖನ.

ನಾನು ಎಂಜಿನಿಯರ್ ಅಲ್ಲ. ಇಂಗ್ಲಿಷ್ ಮುಖ್ಯ ವಿಷಯವಾಗಿ ಬಿ.ಎ. ಓದಿ, ಮದುವೆಯಾಗಿ ಮುಂಬಯಿಗೆ ಬಂದು, ಮೂವತ್ತು ವರ್ಷ ಸಂಸಾರ ನಡೆಸಿದವಳು. ಮಕ್ಕಳು ಕೆಲಸಕ್ಕೆಂದು ದೂರ ಹೋದ ಮೇಲೆ ಮನೆಯ ಕಂಪ್ಯೂಟರಿನ ಉಸ್ತುವಾರಿ ನನ್ನ ಪಾಲಿಗೆ ಬಂತು. ಕೇಳಿ, ಓದಿ, ಮಾಡಿ ಕಲಿತೆ. ಈ ಊರಿನ ಸಣ್ಣ ಮನೆಗಳಲ್ಲಿ ಬಾಳಿದ ಹೆಂಗಸರಿಗೆ ಒಂದು ವಿದ್ಯೆ ತಾನಾಗಿಯೇ ಬರುತ್ತದೆ. ಅಟ್ಟದ ಮೇಲಿನ ಯಾವ ಡಬ್ಬಿಯನ್ನು ರದ್ದಿಯವನಿಗೆ ಕೊಡಬಹುದು, ಯಾವುದು ಮುಂದಿನ ಗೌರಿ ಹಬ್ಬಕ್ಕೆ ಬೇಕು ಎಂದು ಗುರುತಿಸುವ ವಿದ್ಯೆ ಅದು. ಕಂಪ್ಯೂಟರಿನ ಅಟ್ಟಕ್ಕೂ ಅದೇ ಬೇಕು. "ಇದು ಹಳೆಯದೇ?" ಎಂದು ಕೇಳುವ ಮೊದಲು "ಇದನ್ನು ಈಗ ಯಾರು ನಂಬಿಕೊಂಡಿದ್ದಾರೆ?" ಎಂದು ಕೇಳಿ. ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಹಳೆಯದು ಸೇರುವುದು ಹೇಗೆ?

ನಾವು ಹಾಕಿದ್ದು ನಾಲ್ಕೇ ತಂತ್ರಾಂಶ, ಪಟ್ಟಿಯಲ್ಲಿ ನಲವತ್ತು ಹೆಸರು ಏಕೆ ಎಂದು ನಿಮಗೆ ಅನಿಸಿರಬಹುದು. ಮದುವೆ ಮನೆಗೆ ಅಡುಗೆ ಭಟ್ಟರನ್ನು ಕರೆಸಿದರೆ ಅವರೊಬ್ಬರೇ ಬರುತ್ತಾರೆಯೇ? ಜೊತೆಗೆ ತರಕಾರಿ ಹೆಚ್ಚುವವರು, ಬಡಿಸುವವರು, ಪಾತ್ರೆ ತೊಳೆಯುವವರು ಬರುತ್ತಾರೆ. ತಂತ್ರಾಂಶವೂ ಹಾಗೆಯೇ. ಒಂದು ಪ್ಯಾಕೇಜು ಒಳಗೆ ಬರುವಾಗ ತನ್ನ ಕೆಲಸಕ್ಕೆ ಬೇಕಾದ ಹತ್ತಾರು ಸಣ್ಣ ಪ್ಯಾಕೇಜುಗಳನ್ನು ಕೈಯಾಳುಗಳಂತೆ ಕರೆತರುತ್ತದೆ. ಮುಂದೆ ನೀವು ಆ ಮುಖ್ಯ ತಂತ್ರಾಂಶವನ್ನು ತೆಗೆದುಹಾಕಿದರೆ ಭಟ್ಟರು ಹೊರಟುಹೋಗುತ್ತಾರೆ, ಕೈಯಾಳುಗಳು ಮಾತ್ರ ಪಡಸಾಲೆಯಲ್ಲೇ ಮಲಗಿರುತ್ತಾರೆ!

ಲಿನಕ್ಸ್ ಕುಟುಂಬದ ಡೆಬಿಯನ್ 1993ರಲ್ಲಿ ಆರಂಭವಾಯಿತು. ಅದರ ಆಧಾರದ ಮೇಲೆ ಉಬುಂಟು 2004ರಲ್ಲಿ ಬಂತು. ಇವೆರಡೂ ಈ ಲೆಕ್ಕವನ್ನು ಚೊಕ್ಕವಾಗಿ ಇಡುತ್ತವೆ. ನೀವು ಬಯಸಿ ಹಾಕಿಕೊಂಡದ್ದು ಯಾವುದು, ಇನ್ನೊಂದರ ಜೊತೆಗೆ ತಾನಾಗಿ ಬಂದದ್ದು ಯಾವುದು ಎಂದು ಬೇರೆ ಬೇರೆಯಾಗಿ ಬರೆದಿಟ್ಟಿರುತ್ತವೆ. ತಾನಾಗಿ ಬಂದು, ಈಗ ಯಾರಿಗೂ ಬೇಡವಾದ ಪ್ಯಾಕೇಜುಗಳನ್ನು "ಆಟೋರಿಮೂವ್" ಎಂಬ ಒಂದೇ ಆಜ್ಞೆಯಿಂದ ಕಳುಹಿಸಿಬಿಡಬಹುದು. ವಿಂಡೋಸ್‌ನಲ್ಲಿ ಎಲ್ಲ ತಂತ್ರಾಂಶಗಳಿಗೂ ಅನ್ವಯಿಸುವ ಇಂಥ ಒಂದೇ ಲೆಕ್ಕದ ಪುಸ್ತಕವಿಲ್ಲ. ಹಾಗಾಗಿ ಅಲ್ಲಿ ನಿಮ್ಮ ವಿವೇಚನೆಗೇ ಹೆಚ್ಚು ಕೆಲಸ.

ಇನ್ನೊಂದು ಬಗೆಯ ಹಳೆಯದು ನವೀಕರಣದಿಂದ ಸೇರುತ್ತದೆ. ಲಿನಕ್ಸ್‌ನಲ್ಲಿ ಇಡೀ ಯಂತ್ರವನ್ನು ನಡೆಸುವ ತಿರುಳಿಗೆ ಕರ್ನಲ್ ಎಂದು ಹೆಸರು. ಹೊಸ ಕರ್ನಲ್ ಬಂದಾಗ ಹಳೆಯದು ತಕ್ಷಣ ಹೋಗುವುದಿಲ್ಲ. ಹೊಸದು ಕೈಕೊಟ್ಟರೆ ಹಳೆಯದರಿಂದ ಕಂಪ್ಯೂಟರ್ ಶುರುಮಾಡಲಿ ಎಂಬ ಮುಂದಾಲೋಚನೆ ಅದು. "ಬೂಟ್" ಎಂಬ ಭಾಗವನ್ನು ಬೇರೆಯಾಗಿ, ಚಿಕ್ಕದಾಗಿ ಮಾಡಿಟ್ಟಿದ್ದರೆ ಇಂಥ ಹಳೆಯ ಕರ್ನಲ್‌ಗಳು ಸೇರಿ ಸೇರಿ ಅದು ತುಂಬಿಹೋಗುತ್ತದೆ. ಆಮೇಲೆ ಹೊಸ ನವೀಕರಣಗಳೂ ಅರ್ಧದಲ್ಲೇ ನಿಲ್ಲುತ್ತವೆ. ವಿಂಡೋಸ್‌ನಲ್ಲಿ ದೊಡ್ಡ ಆವೃತ್ತಿ ಬದಲಾದಾಗ ಹಳೆಯ ವಿಂಡೋಸ್ ಪೂರ್ತಿಯಾಗಿ "ವಿಂಡೋಸ್ ಡಾಟ್ ಓಲ್ಡ್" ಎಂಬ ಫೋಲ್ಡರಿನಲ್ಲಿ ಉಳಿಯುತ್ತದೆ. ಹಿಂದಕ್ಕೆ ಹೋಗಬೇಕೆನಿಸಿದರೆ ಹತ್ತು ದಿನದ ಅವಕಾಶ. ಆಮೇಲೆ ಸಾಮಾನ್ಯವಾಗಿ ಅದು ತಾನೇ ಅಳಿಸಿಹೋಗುತ್ತದೆ.

ತೆಗೆಯಲೇಬೇಕಾದವು

ಜಾಗ ತಿನ್ನುವುದೊಂದೇ ಹಳೆಯ ತಂತ್ರಾಂಶದ ದೋಷವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದು ಚಿಲಕವಿಲ್ಲದ ಹಿತ್ತಿಲ ಬಾಗಿಲೂ ಆಗಬಹುದು.

2017ರ ಮೇ 12ರಂದು "ವನ್ನಾಕ್ರೈ" ಎಂಬ ಪಿಡುಗು ಹರಡಿದ್ದು ನಿಮಗೆ ನೆನಪಿರಬಹುದು. 150ಕ್ಕೂ ಹೆಚ್ಚು ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಬಿತ್ತು. ತೆರೆಯಬೇಕಾದರೆ ಹಣ ಕೊಡಿ ಎಂಬ ಬೆದರಿಕೆ ಪರದೆಯ ಮೇಲೆ ಬಂತು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಭೇಟಿಗಳೂ ಶಸ್ತ್ರಚಿಕಿತ್ಸೆಗಳೂ ರದ್ದಾದವು. ಅದು ನುಗ್ಗಿದ ದಾರಿ ಯಾವುದು? ಕಂಪ್ಯೂಟರುಗಳು ತಮ್ಮ ನಡುವೆ ಫೈಲು ಹಂಚಿಕೊಳ್ಳುವ "ಎಸ್‌ಎಂಬಿ" ಎಂಬ ಪದ್ಧತಿಯ ಮೊದಲ ಆವೃತ್ತಿ. 1980ರ ದಶಕದ್ದು. ಹೊಸ ಆವೃತ್ತಿಗಳು ಬಂದು ವರ್ಷಗಳೇ ಆಗಿದ್ದರೂ ಹಳೆಯದು ಒಳಗೆ ಕೂತೇ ಇತ್ತು. ಅದರಲ್ಲಿದ್ದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತಿದ್ದುಪಡಿ ಕೊಟ್ಟಿತ್ತು. ಎರಡು ತಿಂಗಳಾದರೂ ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಆಮೇಲೆ ಎಲ್ಲರೂ ಓಡಿದರು. ಅದೇ ವರ್ಷದ ಅಕ್ಟೋಬರಿನಿಂದ ಹೊಸದಾಗಿ ಹಾಕುವ ವಿಂಡೋಸ್ 10ರಲ್ಲಿ ಆ ಹಳೆಯ ಪದ್ಧತಿಯನ್ನು ಸೇರಿಸುವುದನ್ನು ಕಂಪನಿಯೇ ಕೈಬಿಡುತ್ತಾ ಬಂತು.

ಇಂಥದೇ ಇನ್ನೊಂದು ಫ್ಲ್ಯಾಷ್ ಪ್ಲೇಯರ್. ಒಂದು ಕಾಲದಲ್ಲಿ ಅದಿಲ್ಲದೆ ವಿಡಿಯೋ ಇಲ್ಲ, ಆಟವಿಲ್ಲ. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ನಿಲ್ಲಿಸಿತು. ಹಳೆಯ ಡೆಸ್ಕ್‌ಟಾಪಿನಲ್ಲಿ ಅದರ ಹೆಸರು ಕಂಡರೆ ಯೋಚಿಸದೆ ತೆಗೆಯಿರಿ.

ಜಾವಾ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಿ. ಅನೇಕರ ಮನೆಯಲ್ಲಿ ಆದಾಯ ತೆರಿಗೆಯ ವಿವರ ಸಲ್ಲಿಸಲೆಂದೇ ಅಪ್ಪಂದಿರು ಜಾವಾ ಹಾಕಿಸಿಕೊಂಡಿದ್ದರು. 2021ರಲ್ಲಿ ಇಲಾಖೆಯ ಹೊಸ ಜಾಲತಾಣ ಬಂದಮೇಲೆ ಆ ಹಳೆಯ ಜಾವಾ ಸಾಧನದ ಕಾಲ ಮುಗಿಯಿತು. ಆದರೆ ಡಿಜಿಟಲ್ ಸಹಿಯಂಥ ಬೇರೆ ಕೆಲಸಕ್ಕೆ ಅದೇ ಜಾವಾ ಬೇಕಾಗಿರಬಹುದು. ಅಪ್ಪನನ್ನು ಕೇಳಿ. ಬೇಡವೆಂದರೆ ತೆಗೆಯಿರಿ, ಬೇಕೆಂದರೆ ಹಳೆಯ ಆವೃತ್ತಿಗಳನ್ನು ಕಳೆದು ಹೊಸದೊಂದನ್ನೇ ಉಳಿಸಿ.

ಇಡೀ ಕಾರ್ಯಾಚರಣ ವ್ಯವಸ್ಥೆಯೇ ಅವಧಿ ಮೀರಿದ್ದರೆ? ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ. ಉಬುಂಟುವಿನಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ದೀರ್ಘಾವಧಿ ಆವೃತ್ತಿಗೆ ಐದು ವರ್ಷದ ಸಾಮಾನ್ಯ ಬೆಂಬಲವಿರುತ್ತದೆ. 2020ರ ಆವೃತ್ತಿಯ ಆ ಅವಧಿ 2025ರಲ್ಲಿ ತೀರಿತು. ಬೆಂಬಲ ತೀರಿದ ವ್ಯವಸ್ಥೆಯನ್ನು ಎಷ್ಟು ಗುಡಿಸಿದರೂ ಅದು ಗುಡಿಸಿಟ್ಟ ಬಾಗಿಲಿಲ್ಲದ ಮನೆಯೇ. ಅಂಥ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಬೇಡ. ಹೊಸ ವಿಂಡೋಸ್ ಹಿಡಿಸದಷ್ಟು ಹಳೆಯ ಯಂತ್ರವಾದರೆ ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ದುಡಿಯುತ್ತದೆ.

ಮುಟ್ಟಬಾರದವು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. 2016ರ ಮಾರ್ಚ್ 22ರಂದು ತಂತ್ರಾಂಶ ಲೋಕ ಇದನ್ನು ಕಣ್ಣಾರೆ ಕಂಡಿತು. "ಲೆಫ್ಟ್‌ಪ್ಯಾಡ್" ಎಂಬುದು ಬರೀ ಹನ್ನೊಂದು ಸಾಲಿನ ಪ್ಯಾಕೇಜು. ಅಕ್ಷರಗಳ ಎಡಗಡೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಯಾವುದೋ ಮನಸ್ತಾಪದಿಂದ ಅದರ ಕರ್ತೃ ಅದನ್ನು ಸಾರ್ವಜನಿಕ ಭಂಡಾರದಿಂದ ಹಿಂದಕ್ಕೆ ತೆಗೆದುಕೊಂಡರು. ಅದನ್ನು ಎಂದೂ ಕಂಡು ಕೇಳದ ಸಾವಿರಾರು ಕಡೆ ತಂತ್ರಾಂಶ ಕಟ್ಟುವ ಕೆಲಸ ನಿಂತುಹೋಯಿತು! ಕೆಲವೇ ಗಂಟೆಗಳಲ್ಲಿ ಅದನ್ನು ಮತ್ತೆ ತಂದು ಕೂರಿಸಬೇಕಾಯಿತು. ಗಾತ್ರ ನೋಡಿ ಮಹತ್ವ ಅಳೆಯಬಾರದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ನಿಮ್ಮ ಮನೆಯ ವಿಂಡೋಸ್‌ನಲ್ಲಿ "ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್" ಎಂಬ ಹೆಸರು 2005, 2008, 2010, 2013 ಎಂದು ಬೇರೆ ಬೇರೆ ಇಸವಿಗಳೊಂದಿಗೆ ಸಾಲುಗಟ್ಟಿ ನಿಂತಿರುವುದನ್ನು ನೋಡಿರುತ್ತೀರಿ. ಹೊಸದಿರುವಾಗ ಹಳೆಯದೇಕೆ ಎಂದು ಕೈ ತುರಿಸುತ್ತದೆ. ಬೇಡ. ಅವು ಒಂದೇ ವಸ್ತುವಿನ ಹಳೆಯ, ಹೊಸ ರೂಪಗಳಲ್ಲ. 2008ನ್ನು ನಂಬಿ ಬರೆದ ತಂತ್ರಾಂಶಕ್ಕೆ 2008ರದ್ದೇ ಬೇಕು. ಅದನ್ನು ತೆಗೆದರೆ ಯಾವುದೋ ತಂತ್ರಾಂಶ ಎಂದೋ ಒಂದು ದಿನ ತೆರೆಯಲು ನಿರಾಕರಿಸುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ.

ಹಾಗೆಯೇ ವಿಂಡೋಸ್‌ನ ಒಳಗಿರುವ "ವಿನ್ ಎಸ್ಎಕ್ಸ್ಎಸ್" ಎಂಬ ಫೋಲ್ಡರ್. ತೆರೆದು ನೋಡಿದರೆ ಹಲವು ಗಿಗಾಬೈಟು ತೋರಿಸುತ್ತದೆ. ಒಂದೇ ಫೈಲನ್ನು ಎರಡು ಜಾಗದಲ್ಲಿ ಲೆಕ್ಕ ಹಾಕುವುದರಿಂದ ಅದು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದನ್ನು ಕೈಯಾರೆ ಎಂದೂ ಅಳಿಸಬೇಡಿ. ವಿಂಡೋಸ್ ತಾನೇ ಕೊಟ್ಟ ಸ್ವಚ್ಛತಾ ಸಾಧನದ ಮೂಲಕವಷ್ಟೇ ಹೋಗಬೇಕು.

ಕೈ ಹಾಕುವ ಕ್ರಮ

ಮೊದಲು ಬೇಕಾದ ಫೈಲುಗಳ ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದಿಡಿ. ಸಾಧ್ಯವಾದರೆ ಎರಡು ಕಡೆ. ವಿಂಡೋಸ್‌ನಲ್ಲಿ "ರಿಸ್ಟೋರ್ ಪಾಯಿಂಟ್" ಒಂದನ್ನು ಮಾಡಿಕೊಳ್ಳಿ. ಅದು ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರುತ್ತದೆಯೇ ಹೊರತು ನಿಮ್ಮ ಫೋಟೋ, ಬರಹಗಳನ್ನು ಕಾಯುವುದಿಲ್ಲ. ಎರಡೂ ಬೇಕು.

ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, ಸಿಸ್ಟಂ, ಅದರೊಳಗೆ ಸ್ಟೋರೇಜ್, ಅದರೊಳಗೆ ಟೆಂಪರರಿ ಫೈಲ್ಸ್ ನೋಡಿ. ಹಳೆಯ ನವೀಕರಣಗಳ ಉಳಿಕೆ ಅಲ್ಲಿ ಸಿಗುತ್ತದೆ. ಎಚ್ಚರ! ಅದೇ ಪಟ್ಟಿಯಲ್ಲಿ "ಡೌನ್‌ಲೋಡ್ಸ್" ಎಂಬ ಸಾಲೂ ಇರುತ್ತದೆ. ಅಮ್ಮ ಇಳಿಸಿಕೊಂಡ ಎಲ್‌ಐಸಿ ರಸೀದಿಯಿಂದ ಹಿಡಿದು ಮದುವೆ ಫೋಟೋವರೆಗೆ ಎಲ್ಲ ಅಲ್ಲೇ ಇರುವುದು. ಅದಕ್ಕೆ ಗುರುತು ಹಾಕಬೇಡಿ.

ಉಬುಂಟುವಿನಲ್ಲಿ ಮೊದಲು ಬಾಕಿ ನವೀಕರಣಗಳನ್ನು ಹಾಕಿ, ಕಂಪ್ಯೂಟರನ್ನು ಒಮ್ಮೆ ಮುಚ್ಚಿ ತೆರೆಯಿರಿ. ಆಮೇಲೆ ಟರ್ಮಿನಲ್ ತೆರೆದು "ಸುಡೋ ಆಪ್ಟ್ ಆಟೋರಿಮೂವ್" ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಕೊಡಿ. ಅದು ತೆಗೆಯಲಿರುವ ಪ್ಯಾಕೇಜುಗಳ ಪಟ್ಟಿ ತೋರಿಸಿ, ಮುಂದುವರಿಯಲೇ ಎಂದು ಕೇಳುತ್ತದೆ. ಈ ಕ್ಷಣವೇ ಮುಖ್ಯ. ಪಟ್ಟಿಯನ್ನು ಪೂರ್ತಿ ಓದಿ. ನೀವು ದಿನವೂ ಬಳಸುವ ತಂತ್ರಾಂಶದ ಹೆಸರು ಅದರಲ್ಲಿ ಕಂಡರೆ ಬೇಡವೆಂದು ಹೇಳಿ ನಿಲ್ಲಿಸಿ. ಈಗ ಓಡುತ್ತಿರುವ ಕರ್ನಲ್ಲನ್ನೂ ಹೊಸ ಕರ್ನಲ್ಲನ್ನೂ ಅದು ತಾನೇ ಉಳಿಸಿಕೊಳ್ಳುತ್ತದೆ. ಆದ್ದರಿಂದ ಕರ್ನಲ್ ಫೈಲುಗಳನ್ನು ಕೈಯಿಂದ ಅಳಿಸುವ ಸಾಹಸ ಬೇಡ. ಇಳಿಸಿಕೊಂಡ ಹಳೆಯ ಪ್ಯಾಕೇಜು ಕಟ್ಟುಗಳು ಬೇರೆ ಇರುತ್ತವೆ. "ಸುಡೋ ಆಪ್ಟ್ ಆಟೋಕ್ಲೀನ್" ಎಂದರೆ ಇನ್ನು ಎಲ್ಲೂ ದೊರಕದ ಹಳೆಯ ಕಟ್ಟುಗಳಷ್ಟೇ ಹೋಗುತ್ತವೆ. "ರಿಮೂವ್" ಎಂದರೆ ಪ್ಯಾಕೇಜು ಹೋಗುತ್ತದೆ, ಅದರ ಸಿದ್ಧತೆಗಳನ್ನು ಬರೆದಿಟ್ಟ ಫೈಲು ಉಳಿಯುತ್ತದೆ. "ಪರ್ಜ್" ಎಂದರೆ ಅದೂ ಹೋಗುತ್ತದೆ. ಮತ್ತೆ ಬೇಕಾಗಬಹುದೆಂಬ ಸಂಶಯವಿದ್ದರೆ ಮೊದಲನೆಯದೇ ಸಾಕು.

ಯಾವ ವ್ಯವಸ್ಥೆಯೇ ಇರಲಿ, ಸ್ವಲ್ಪ ಸ್ವಲ್ಪವಾಗಿ ತೆಗೆಯಿರಿ. ತೆಗೆದ ಮೇಲೆ ಕಂಪ್ಯೂಟರನ್ನು ಮತ್ತೆ ಶುರುಮಾಡಿ, ಪ್ರಿಂಟರ್ ನಡೆಯುತ್ತದೆಯೇ, ಕನ್ನಡ ಟೈಪ್ ಆಗುತ್ತದೆಯೇ ನೋಡಿ. ಏನು ತೆಗೆದಿರೆಂದು ಒಂದು ಡೈರಿಯಲ್ಲಿ ತಾರೀಖಿನೊಂದಿಗೆ ಬರೆದಿಡಿ. ನಾಳೆ ನೀವು ಬೇರೆ ಊರಿನಲ್ಲಿದ್ದಾಗ ಮನೆಯವರಿಗೆ ಆ ಪುಟವೇ ದಾರಿ.

ನಮ್ಮ ಕನ್ನಡದ ಗಂಟು

ಈಗ ನಾನು ಹೇಳಬೇಕೆಂದು ಹೊರಟ ಮುಖ್ಯ ಮಾತಿಗೆ ಬರುತ್ತೇನೆ.

ನಿಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ "ಬರಹ" ಅಥವಾ "ನುಡಿ" ತಂತ್ರಾಂಶದ ಹಳೆಯ ಆವೃತ್ತಿ ಇದ್ದೀತು. ಬರಹ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ನುಡಿಯನ್ನು ಸಿದ್ಧಪಡಿಸಿತು. ಹೊರನಾಡಿನಲ್ಲಿದ್ದ ನಮ್ಮಂಥವರಿಗೆ ಇವು ದೊರೆತದ್ದು ದೊಡ್ಡ ಭಾಗ್ಯ. ಕನ್ನಡ ಮುದ್ರಣಾಲಯ ಹುಡುಕಿಕೊಂಡು ಅಲೆಯುವುದು ತಪ್ಪಿತು. ಸಂಘದ ಆಮಂತ್ರಣ, ಸ್ಮರಣ ಸಂಚಿಕೆ, ನಾಟಕದ ಪ್ರತಿ, ಎಲ್ಲವೂ ಮನೆಯಲ್ಲೇ ತಯಾರಾದವು.

ಆದರೆ ಆಗಿನ ಬರಹಗಳಲ್ಲಿ ಬಹುಪಾಲು ಯೂನಿಕೋಡ್‌ನಲ್ಲಿಲ್ಲ. ಪ್ರಪಂಚದ ಭಾಷೆಗಳ ಅಕ್ಷರಗಳಿಗೆಲ್ಲ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡವಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದಕ್ಕಾಗಿ "ತುಂಗಾ" ಫಾಂಟ್ ಕೂಡ ಬಂತು. ಆದರೂ ಎಷ್ಟೋ ವರ್ಷ ನಾವೆಲ್ಲ ಬಳಸಿದ್ದು ಹಳೆಯ ಉಪಾಯವನ್ನೇ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳು ಅವು. ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳೇ. ಫಾಂಟ್ ಎಂಬ ಕನ್ನಡಕ ಹಾಕಿದಾಗ ಮಾತ್ರ ಕನ್ನಡ ಕಾಣುತ್ತದೆ. ಫಾಂಟ್ ತೆಗೆದಿರೋ, ಕನ್ನಡವೂ ಹೋಯಿತು.

ನಮ್ಮ ಪರಿಚಯದ ಹಿರಿಯರೊಬ್ಬರು ನಿವೃತ್ತರಾದ ಮೇಲೆ ಐದು ವರ್ಷ ಕೂತು ತಮ್ಮ ಹಳ್ಳಿಯ ನೆನಪು, ಮನೆತನದ ವೃತ್ತಾಂತ, ತಾಯಿ ಹಾಡುತ್ತಿದ್ದ ಹಸೆ ಹಾಡುಗಳನ್ನು ಸುಮಾರು ಇನ್ನೂರು ಪುಟ ಟೈಪ್ ಮಾಡಿದ್ದರು. ಅವರು ತೀರಿಕೊಂಡ ಮೇಲೆ ಕಂಪ್ಯೂಟರ್ ನಿಧಾನವಾಯಿತೆಂದು ಅಂಗಡಿಗೆ ಕೊಟ್ಟರು. ಅಂಗಡಿಯ ಹುಡುಗ ಫೈಲುಗಳ ಪ್ರತಿ ತೆಗೆದಿಟ್ಟು, ಉಳಿದದ್ದನ್ನೆಲ್ಲ ಅಳಿಸಿ, ಹೊಸ ವಿಂಡೋಸ್ ಹಾಕಿಕೊಟ್ಟ. ಮೊಮ್ಮಗಳು ಆ ಫೈಲನ್ನು ತೆರೆದರೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು! ಕೆಟ್ಟುಹೋಗಿದೆ ಎಂದು ಅಳಿಸಲು ಹೊರಟಿದ್ದಳು. ಅವಳಿಗೆ ಕನ್ನಡ ಮಾತು ಬರುತ್ತದೆ, ಓದು ಅಷ್ಟಕ್ಕಷ್ಟೆ. ಆದರೂ ಅಜ್ಜನ ಬರಹವೆಂದು ಮನಸ್ಸು ಬಾರದೆ ಅದನ್ನು ನನ್ನ ಬಳಿ ತಂದಳು. ಹಳೆಯ ಫಾಂಟನ್ನು ಮತ್ತೆ ಹಾಕಿದ ಕೂಡಲೇ ಪರದೆಯ ತುಂಬ ಕನ್ನಡ ಎದ್ದು ನಿಂತಿತು. ಮೊದಲ ಪುಟದ ಅರ್ಪಣೆಯನ್ನು ನಾನೇ ಓದಿ ಹೇಳಿದೆ. ಅದರಲ್ಲಿ ಅವಳ ಹೆಸರಿತ್ತು.

ಆದ್ದರಿಂದ ಹಳೆಯ ಕನ್ನಡ ತಂತ್ರಾಂಶ ಕಂಡರೆ ಅಳಿಸುವ ಮುನ್ನ ಇಷ್ಟು ಮಾಡಿ. ಒಂದು, ಕಂಪ್ಯೂಟರಿನಲ್ಲಿರುವ ಹಳೆಯ ಕನ್ನಡ ಫೈಲುಗಳನ್ನೆಲ್ಲ ಹುಡುಕಿ. ವರ್ಡ್‌ನಲ್ಲೂ ಇರಬಹುದು, ಪೇಜ್‌ಮೇಕರ್‌ನಲ್ಲೂ ಇರಬಹುದು. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ. ಆದರೆ ಅದನ್ನೂ ತೆಗೆದರೆ ಹಳೆಯ ಸಂಚಿಕೆಗಳನ್ನು ತೆರೆಯುವುದು ಕಷ್ಟ. ಎರಡು, ಫೈಲುಗಳ ಜೊತೆಗೆ ಫಾಂಟುಗಳ ಪ್ರತಿಯನ್ನೂ ತೆಗೆದಿಡಿ. ಮೂರು, ಪ್ರತಿಯೊಂದನ್ನೂ ತೆರೆದು, ಕನ್ನಡ ಸರಿಯಾಗಿ ಕಾಣುತ್ತಿರುವಾಗಲೇ ಪಿಡಿಎಫ್ ಮಾಡಿ. ಫಾಂಟ್ ಅದರೊಳಗೇ ಸೇರಿಕೊಳ್ಳುವಂತೆ ನೋಡಿಕೊಂಡರೆ ಮುಂದೆ ಎಲ್ಲಿ ತೆರೆದರೂ ಕನ್ನಡವೇ ಕಾಣುತ್ತದೆ. ನಾಲ್ಕು, ಹಳೆಯ ಅಕ್ಷರವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ; ಅವನ್ನು ಬಳಸಿ. ಐದು, ಪರಿವರ್ತಿಸಿದ್ದನ್ನು ಪಿಡಿಎಫ್ ಪಕ್ಕದಲ್ಲಿಟ್ಟು ಓದಿ ನೋಡಿ. ನಡುನಡುವೆ ಇದ್ದ ಇಂಗ್ಲಿಷ್ ಪದಗಳು ಕನ್ನಡದ ಗೋಜಲಾಗಿ ಬದಲಾಗಿರುತ್ತವೆ. ಒತ್ತಕ್ಷರಗಳಲ್ಲೂ ಅರ್ಕಾವೊತ್ತಿನಲ್ಲೂ ತಪ್ಪು ನುಸುಳಬಹುದು. ಈ ಐದೂ ಆದ ಮೇಲೆ ಹಳೆಯ ತಂತ್ರಾಂಶವನ್ನು ನಿಶ್ಚಿಂತೆಯಿಂದ ಬೀಳ್ಕೊಡಿ. ಆಗ ಅದನ್ನು ನಂಬಿಕೊಂಡವರು ಯಾರೂ ಉಳಿದಿರುವುದಿಲ್ಲ.

ಐದನೆಯ ಕೆಲಸಕ್ಕೆ ಕನ್ನಡ ಓದು ಬೇಕು. ನಿಮಗೆ ಬಾರದಿದ್ದರೆ ನಾಚಿಕೆ ಬೇಡ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಓದಲಿ, ನೀವು ತಿದ್ದಿ. ದಿನಕ್ಕೆ ನಾಲ್ಕು ಪುಟವಾದರೂ ಸಾಕು. ಅವರಿಗೆ ಕೀಲಿಮಣೆಯ ಭಯ ಹೋಗುತ್ತದೆ, ನಿಮಗೆ ಒತ್ತಕ್ಷರದ ಭಯ ಹೋಗುತ್ತದೆ.

ನಾನು ಓದಿದ ಇಂಗ್ಲಿಷಿನಲ್ಲಿ "ಲೆಗಸಿ" ಎಂದರೆ ಹಿರಿಯರು ಬಿಟ್ಟುಹೋದ ಆಸ್ತಿ. ಕಂಪ್ಯೂಟರಿನವರ ಬಾಯಲ್ಲಿ ಅದೇ ಪದಕ್ಕೆ ಬಿಡಲಾಗದೆ ಹೊತ್ತುಕೊಂಡಿರುವ ಹಳೆಯ ಹೊರೆ ಎಂಬ ಅರ್ಥ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಎರಡೂ ಬೆರೆತು ಕೂತಿವೆ. ಆಸ್ತಿಯನ್ನು ಬಿಡಿಸಿ ತೆಗೆದಿಟ್ಟುಕೊಂಡರೆ ಹೊರೆಯನ್ನು ಇಳಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಆ ಬಿಡಿಸುವ ಕೆಲಸ ಅಂಗಡಿಯ ಹುಡುಗನಿಂದ ಆಗುವುದಿಲ್ಲ. ಯಾವ ಫೈಲಿನಲ್ಲಿ ಯಾರ ಕೈಬರಹವಿದೆ ಎಂದು ಅವನಿಗೆ ಗೊತ್ತಿಲ್ಲ. ಮನೆಯವರಾದ ನಿಮಗಷ್ಟೇ ಗೊತ್ತು, ಅಥವಾ ಕೇಳಿ ತಿಳಿಯಬಲ್ಲವರು ನೀವು. ಮುಂದಿನ ಭಾನುವಾರ ಐದು ನಿಮಿಷದ ಬದಲು ಒಂದು ಮಧ್ಯಾಹ್ನ ಕೊಡುತ್ತೀರಲ್ಲವೇ?